ನಾವಿಕರ ಪಡಿಯೂ ರಾಷ್ಟ್ರದ ಹೊಣೆಯೂ

ಸಂತ ಸೇವಾಲಾಲ್ ಮಹಾರಾಜರ ಜಯಂತ್ಯುತ್ಸವವು ಪ್ರತಿ ವರ್ಷವೂ ಫೆಬ್ರವರಿ ತಿಂಗಳ ನಡುವೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ನೆರವೇರುತ್ತಿರುವುದನ್ನು ನಮ್ಮ ವಾಚಕರು ಬಲ್ಲರು. ನಾಡಿನ ನಾಲ್ಕು ಮೂಲೆಗಳಿಂದ ಲಂಬಾಣಿ ಬಂಧುಗಳು ಅಲ್ಲಿ ನೆರೆದು, ತಮ್ಮ ಕುಲಗುರುವಿನ ಜನ್ಮಸ್ಥಳದಲ್ಲಿ ಹರಕೆ ತೀರಿಸಿ ಹಿಂದಿರುಗುವರು. ಫೆಬ್ರವರಿ 15ರ ಆ ಜಯಂತಿಯು ಕಳೆದ ಮೂರೇ ದಿನಗಳಲ್ಲಿ, ಎಂದರೆ 18ನೆಯ ದಿನಾಂಕದಂದು, ಮತ್ತೊಂದು ಸ್ಮರಣೆಯು ಬೀಳುವುದು. ಅದಕ್ಕೆ ಮೆರವಣಿಗೆಯಿಲ್ಲ, ಅನ್ನಸಂತರ್ಪಣೆಯಿಲ್ಲ, ಪಂಚಾಂಗದಲ್ಲಿ ಗುರುತಿಲ್ಲ. 1946ರ ಆ ದಿನ ಮುಂಬಯಿಯ ಕಡಲತೀರದಲ್ಲಿ ಭಾರತೀಯ ನಾವಿಕರು ತಮ್ಮ ಮುಂದಿಟ್ಟ ಊಟವನ್ನು ಮುಟ್ಟದೆ ಎದ್ದರು. ಈ ಎರಡು ದಿನಗಳಿಗೂ ಏನು ಸಂಬಂಧವೆಂದು ಕೇಳುವವರಿರಬಹುದು. ಸಂಬಂಧವುಂಟು. ಒಂದು, ಸೇನೆಗಳಿಗೆ ಅನ್ನವನ್ನು ಹೊತ್ತ ಜನರ ಹಬ್ಬ. ಮತ್ತೊಂದು, ಅನ್ನಕ್ಕಾಗಿ ಸಾಮ್ರಾಜ್ಯಕ್ಕೆ ಎದುರಾದ ಯೋಧರ ದಿನ.

ಲಂಬಾಣಿಗಳು ಹೇರೆತ್ತುಗಳ ಮೇಲೆ ದವಸವನ್ನೂ ಉಪ್ಪನ್ನೂ ಹೇರಿಕೊಂಡು ದಖ್ಖಣವನ್ನೆಲ್ಲ ಸುತ್ತುತ್ತಿದ್ದ ಕಾಲವೊಂದಿದ್ದಿತು. ದಂಡು ಎಲ್ಲಿ ಬೀಡುಬಿಟ್ಟರೆ ಅಲ್ಲಿಗೆ ಅವರ ತಾಂಡವು ಬರುವುದು. ಅವರು ಬಾರದಿದ್ದರೆ ದಂಡು ನಿಲ್ಲದು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲೀಸನು ಶ್ರೀರಂಗಪಟ್ಟಣದ ಬಳಿ ಟಿಪ್ಪುವಿನ ಸೈನ್ಯವನ್ನು ರಣರಂಗದಲ್ಲಿ ಹಿಮ್ಮೆಟ್ಟಿಸಿಯೂ ಕೋಟೆಗೆ ಮುತ್ತಿಗೆ ಹಾಕಲಾರದೆ ಹಿಂದಿರುಗಿದನು. ಮನುಷ್ಯರಿಗೆ ಅನ್ನವಿರಲಿಲ್ಲ, ಎತ್ತುಗಳಿಗೆ ಮೇವಿರಲಿಲ್ಲ. ಭಾರವಾದ ಫಿರಂಗಿಗಳನ್ನು ತಾನೇ ಒಡೆಸಿ ಹೋಗಬೇಕಾಯಿತು. ಮರುವರ್ಷ ಅವನು ಗೆದ್ದುದಕ್ಕೆ ಬಂಜಾರರ ಹೇರುಗಳು ಒಂದು ಮುಖ್ಯ ಕಾರಣವಾಗಿದ್ದುವು. ಇದರಿಂದ ತಿಳಿಯಬೇಕಾದ ನೀತಿಯಿಷ್ಟೆ: ಯೋಧನ ಪಡಿಯೆಂಬುದು ಅಡಿಗೆಯವನ ಚಿಂತೆ ಮಾತ್ರವಲ್ಲ, ಅದು ರಾಜ್ಯಾಂಗದ ಚಿಂತೆ. ಈ ನೀತಿಯನ್ನು ನೆಲದ ಸೇನೆಗಿಂತಲೂ ಹೆಚ್ಚಾಗಿ ನೆನೆಯಬೇಕಾದುದು ಕಡಲ ಸೇನೆಯ ವಿಷಯದಲ್ಲಿ. ಏಕೆಂದರೆ ನಡುಗಡಲಿನಲ್ಲಿ ಸಂತೆಯೂ ಇಲ್ಲ, ತಾಂಡವೂ ಇಲ್ಲ.

1946ರ ವೃತ್ತಾಂತವನ್ನು ನಮ್ಮ ತರುಣರು ಚೆನ್ನಾಗಿ ಅರಿತಿಲ್ಲವೆಂಬುದು ವಿಷಾದದ ಸಂಗತಿ. ಮುಂಬಯಿಯ ತಲ್ವಾರ್ ಎಂಬ ಸಂಕೇತಶಿಕ್ಷಣ ಕೇಂದ್ರದಲ್ಲಿ ಕೆಟ್ಟ ಊಟವೂ ಅಧಿಕಾರಿಯ ನಿಂದೆಯ ಮಾತುಗಳೂ ಕೂಡಿ ನಾವಿಕರ ತಾಳ್ಮೆಯನ್ನು ಕೆಡಿಸಿದುವು. ಅವರು ಮುಷ್ಕರ ಹೂಡಿದರು. ಕೆಲವೇ ದಿನಗಳಲ್ಲಿ ಅದು ಕರಾಚಿಯಿಂದ ಕಲ್ಕತ್ತೆಯವರೆಗೆ ಹಬ್ಬಿ, 78 ಹಡಗುಗಳೂ 20 ತೀರಸ್ಥಾನಗಳೂ ಸುಮಾರು 20,000 ನಾವಿಕರೂ ಅದರಲ್ಲಿ ಸೇರಿದರು. ಆಜಾದ್ ಹಿಂದ್ ಸೇನೆಯ ಬಂದಿಗಳ ಬಿಡುಗಡೆ, ಬಿಳಿಯ ನಾವಿಕರೊಡನೆ ಸಮಾನ ವೇತನ, ಇಂಡೊನೇಷ್ಯದಿಂದ ಭಾರತೀಯ ಪಡೆಗಳ ವಾಪಸಾತಿ ಇವುಗಳ ಜತೆಗೆ ಒಳ್ಳೆಯ ಊಟವೂ ಅವರ ಬೇಡಿಕೆಗಳಲ್ಲಿ ಒಂದಾಗಿದ್ದಿತು. ಸರ್ದಾರ್ ಪಟೇಲರ ಬುದ್ಧಿವಾದದ ಮೇರೆಗೆ 23ನೆಯ ತಾರೀಖಿನಂದು ಅವರು ಶರಣಾದರು. ಅಷ್ಟರಲ್ಲಿ ಮುಂಬಯಿಯ ಬೀದಿಗಳಲ್ಲಿ ಇನ್ನೂರಕ್ಕೂ ಮಿಕ್ಕಿ ಜನರು ಗುಂಡಿಗೆ ಬಲಿಯಾಗಿದ್ದರು. ಆ ಮುಷ್ಕರದ ವಿಧಾನವನ್ನು ಒಪ್ಪದವರೂ ಅಂದು ಇದ್ದರು, ಇಂದೂ ಇರುವರು. ಆದರೆ ತಟ್ಟೆಯಲ್ಲಿನ ಅನ್ನವು ಮರ್ಯಾದೆಯ ಪ್ರಶ್ನೆಯೆಂಬುದನ್ನು ಅವರು ತೋರಿಸಿಕೊಟ್ಟರೆಂಬುದನ್ನು ಅಲ್ಲಗಳೆಯಲಾಗದು.

ಸ್ವರಾಜ್ಯ ಬಂದಿತು, ನಾವಿಕನು ಪರರ ಸೇವಕನಾಗಿ ಉಳಿಯಲಿಲ್ಲ. ಆದರೆ ಅವನ ಪಡಿಯ ಪ್ರಶ್ನೆಯು ಮುಗಿಯಿತೆನ್ನುವಂತಿಲ್ಲ. ಅದು ರೂಪವನ್ನು ಬದಲಿಸಿತು. 2008ರ ಅಕ್ಟೋಬರಿನಿಂದ ನಮ್ಮ ಯುದ್ಧನೌಕೆಗಳು ಏಡನ್ ಕೊಲ್ಲಿಯಲ್ಲಿ ಕಡಲ್ಗಳ್ಳರ ವಿರುದ್ಧ ಕಾವಲು ನಿಂತಿರುವುವು. 2017ರಿಂದ ಹಿಂದೂ ಮಹಾಸಾಗರದ ಮುಖ್ಯ ದ್ವಾರಗಳಲ್ಲಿ ಸದಾ ನಮ್ಮ ನೌಕೆಗಳಿರಬೇಕೆಂಬ ಕ್ರಮವು ಜಾರಿಗೆ ಬಂದಿತು. 2024ರ ಮಾರ್ಚಿಯಲ್ಲಿ ‘ಕೋಲ್ಕತಾ’ ನೌಕೆಯು ನಮ್ಮ ತೀರದಿಂದ ಸುಮಾರು 2,600 ಕಿಲೋಮೀಟರ್ ದೂರದಲ್ಲಿ ನಲವತ್ತು ಗಂಟೆಗಳ ಕಾಲ ಸೆಣಸಿ, ‘ರುಯೆನ್’ ಎಂಬ ವ್ಯಾಪಾರನೌಕೆಯನ್ನು ಬಿಡಿಸಿ, 35 ಮಂದಿ ಕಳ್ಳರನ್ನು ಸೆರೆಹಿಡಿದು, 17 ಮಂದಿ ನಾವಿಕರನ್ನು ಉಳಿಸಿತು. ಇಂತಹ ಕೆಲಸಕ್ಕೆ ಹೋದವರು ವಾರಗಳಲ್ಲಿ ಹಿಂದಿರುಗುವವರಲ್ಲ. ತಿಂಗಳುಗಟ್ಟಲೆ ಕಬ್ಬಿಣದ ಗೋಡೆಗಳ ನಡುವೆ ಇರತಕ್ಕವರು. ನಮ್ಮ ಕನ್ನಡ ನಾಡಿಗೂ ಇದರಲ್ಲಿ ದೊಡ್ಡ ಪಾಲುಂಟು. ಬನವಾಸಿಯ ಅರಸುಮನೆತನದ ಹೆಸರನ್ನು ಹೊತ್ತ ಕಾರವಾರದ ಕದಂಬ ನೌಕಾನೆಲೆಯು 2005ರ ಮೇ 31ರಂದು ಸೇವೆಗೆ ಸೇರಿತು. ವಿಕ್ರಮಾದಿತ್ಯ ಎಂಬ ವಿಮಾನವಾಹಕ ನೌಕೆಗೆ ಅದೇ ತವರು ಬಂದರು. ಕಡಲಿನಿಂದ ದೂರವಿರುವ ಹೊನ್ನಾಳಿ, ಚನ್ನಗಿರಿ, ಜಗಳೂರಿನವರಿಗೆ ಇದರ ಗೊಡವೆಯೇನೆಂದು ಯಾರೂ ಹೇಳಲಾಗದು. ನಮ್ಮ ಮಕ್ಕಳು ಸೇನೆಗೆ ಸೇರುವರು, ನಮ್ಮ ತೆರಿಗೆಯಿಂದ ಪಡಿ ಹೋಗುವುದು, ನಮ್ಮ ಹೊಲದ ಧಾನ್ಯವು ಆ ಪಡಿಯಲ್ಲಿ ಸೇರಬಹುದು.

ದೀರ್ಘ ಸಮುದ್ರಯಾನದಲ್ಲಿ ಆಹಾರವು ಮನುಷ್ಯನನ್ನು ಹೇಗೆ ಕೊಲ್ಲಬಲ್ಲುದೆಂಬುದಕ್ಕೆ ಮೊದಲ ದೊಡ್ಡ ನಿದರ್ಶನಗಳಲ್ಲಿ ಒಂದು ನಮ್ಮ ಕಾರವಾರದ ಎದುರಿನಲ್ಲೇ ಆರಂಭವಾದುದು. ಇಂದಿನ ನೌಕಾನೆಲೆಯ ಬಳಿಯಿರುವ ಅಂಜದೀವ ದ್ವೀಪದಿಂದ ವಾಸ್ಕೋ ಡ ಗಾಮನು 1498ರ ಅಕ್ಟೋಬರ್ 5ರಂದು ಹಾಯಿ ಬಿಚ್ಚಿದನು. ಎದುರುಗಾಳಿಯಿಂದಲೂ ಗಾಳಿಯಿಲ್ಲದ ದಿನಗಳಿಂದಲೂ ಆಫ್ರಿಕದ ತೀರವನ್ನು ಕಾಣಲು ಸುಮಾರು ಮೂರು ತಿಂಗಳು ಹಿಡಿಯಿತು. ಒಸಡು ಬಾತು, ಕಾಲು ಊದಿ, ಮೂವತ್ತು ಜನರು ದಾರಿಯಲ್ಲಿ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸಕ್ಕೆ ಏಳೆಂಟು ಜನ ಮಾತ್ರ ಉಳಿದರು. ಮಾಲಿಂದಿಯನ್ನು ಮುಟ್ಟಿದಾಗ ರೋಗಿಗಳು ಬೇಡಿದುದು ಕಿತ್ತಳೆಯ ಹಣ್ಣನ್ನು. ನಿಂಬೆಯೂ ಮಾದಳವೂ ಬೆಳೆಯುವ ಕರಾವಳಿಯ ಮಗ್ಗುಲಲ್ಲಿ ಲಂಗರು ಹಾಕಿದ್ದವರು, ಅವುಗಳ ಬೆಲೆಯನ್ನರಿಯದೆ ಹೊರಟು, ಅವುಗಳ ಅಭಾವದಿಂದ ಸತ್ತರು. ಈ ಸ್ಕರ್ವಿ ರೋಗಕ್ಕೆ ನಿಂಬೆಯ ಜಾತಿಯ ಹಣ್ಣೇ ಮದ್ದೆಂದು ಸ್ಕಾಟ್ಲೆಂಡಿನ ವೈದ್ಯ ಜೇಮ್ಸ್ ಲಿಂಡ್ 1747ರಲ್ಲಿ ಹನ್ನೆರಡು ರೋಗಿಗಳ ಮೇಲೆ ಪರೀಕ್ಷಿಸಿ ಕಂಡನು. ಆದರೆ ಬ್ರಿಟಿಷ್ ನೌಕಾಮಂಡಲಿಯು ನಿಂಬೆರಸವನ್ನು ಪಡಿಯಲ್ಲಿ ಸೇರಿಸಿದುದು 1795ರಲ್ಲಿ! ಮದ್ದು ಗೊತ್ತಾದ ಮೇಲೂ ಕಚೇರಿಯ ಕಾಗದವು ಚಲಿಸಲು ನಲವತ್ತೆಂಟು ವರ್ಷ. ಸರ್ಕಾರದ ಕಡತವು ಎಷ್ಟು ಪ್ರಾಣಗಳನ್ನು ತೆಗೆದುಕೊಳ್ಳಬಲ್ಲುದೆಂಬುದನ್ನು ನಮ್ಮ ಅಧಿಕಾರಿವರ್ಗದ ವಾಚಕರು ಇಲ್ಲಿ ಗಮನಿಸಬೇಕೆಂದು ಕೋರುವೆವು.

ಜಪಾನಿನ ಅನುಭವವು ನಮಗೆ ಇನ್ನೂ ಹತ್ತಿರದ್ದು. ಏಕೆಂದರೆ ಅವರೂ ಅನ್ನ ಉಣ್ಣುವವರು. 1883ರಲ್ಲಿ ‘ರ್ಯೂಜೊ’ ಎಂಬ ಅವರ ನೌಕೆಯು ದೂರಯಾನದಿಂದ ಹಿಂದಿರುಗಿದಾಗ ಸುಮಾರು 370 ನಾವಿಕರಲ್ಲಿ 169 ಮಂದಿಗೆ ಬೆರಿಬೆರಿ ತಗುಲಿ 25 ಮಂದಿ ಮಡಿದಿದ್ದರು. ತಕಾಕಿ ಕನೆಹಿರೊ ಎಂಬ ನೌಕಾವೈದ್ಯನು ಬಿಳಿಯ ಅಕ್ಕಿಯ ಅನ್ನವನ್ನು ತಗ್ಗಿಸಿ ಮಾಂಸ, ಜವೆ ಮೊದಲಾದುವನ್ನು ಸೇರಿಸಿದ ಪಡಿಯನ್ನು ಕೊಟ್ಟು, 1884ರಲ್ಲಿ ಅದೇ ದಾರಿಯಲ್ಲಿ ‘ತ್ಸುಕುಬಾ’ ನೌಕೆಯನ್ನು ಕಳುಹಿಸಿದನು. ಈ ಬಾರಿ ಬೆರೆಳೆಣಿಕೆಯಷ್ಟು ಜನರಿಗೆ ಮಾತ್ರ ರೋಗ ಬಂದಿತು. ಒಬ್ಬನೂ ಅದರಿಂದ ಸಾಯಲಿಲ್ಲ. ಅಕ್ಕಿಯ ತೌಡಿನೊಡನೆ ಹೋಗಿಬಿಡುವ ಬಿ-1 ಜೀವಸತ್ತ್ವವೇ ಕಾರಣವೆಂದು ಲೋಕಕ್ಕೆ ತಿಳಿದುದು ಆಮೇಲೆ. ಈಗ ನಮ್ಮ ಕರಾವಳಿಯ ಮೊಗವೀರರ, ಖಾರ್ವಿಗಳ ಕುಚ್ಚಲಕ್ಕಿಯ ಗಂಜಿಯನ್ನು ನೆನೆಯಿರಿ. ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟುವುದರಿಂದ ತೌಡಿನ ಸತ್ತ್ವವು ಕಾಳಿನ ಒಳಕ್ಕೆ ಇಳಿಯುವುದು. ಮೇಲ್ಪದರು ಹೋದರೂ ಸತ್ತ್ವವು ಬಹುಮಟ್ಟಿಗೆ ಉಳಿಯುವುದು. ಪ್ರಯೋಗಶಾಲೆಯಿಲ್ಲದ ಕಾಲದಲ್ಲಿ ನಮ್ಮ ಹೆಣ್ಣುಮಕ್ಕಳು ಒಲೆಯ ಮುಂದೆ ಕಂಡುಕೊಂಡ ವಿದ್ಯೆಯಿದು.

ಮೂರನೆಯ ನಿದರ್ಶನವು ಮೆಸೊಪೊಟೇಮಿಯದ ಕುತ್ ಪಟ್ಟಣದ್ದು. 1915ರ ಡಿಸೆಂಬರಿನಿಂದ 1916ರ ಏಪ್ರಿಲ್‌ವರೆಗೆ ಅಲ್ಲಿ ಮುತ್ತಿಗೆಗೆ ಸಿಕ್ಕಿದ ಸೈನ್ಯದಲ್ಲಿ ಬಿಳಿಯ ಹಿಟ್ಟು ತಿಂದ ಆಂಗ್ಲರಿಗೆ ಬೆರಿಬೆರಿ ಬಂದಿತು. ತೌಡುಸಹಿತವಾದ ಹಿಟ್ಟು ತಿಂದ ಭಾರತೀಯರು ಅದರಿಂದ ಉಳಿದರು, ಆದರೆ ಹಸುರು ತರಕಾರಿಯಿಲ್ಲದೆಯೂ ಕುದುರೆಯ ಮಾಂಸವನ್ನು ಮುಟ್ಟದೆಯೂ ಇದ್ದುದರಿಂದ ಸ್ಕರ್ವಿಗೆ ತುತ್ತಾದರು. ಒಂದೇ ಕೋಟೆ, ಒಂದೇ ಹಸಿವು. ತಟ್ಟೆಯ ಭೇದದಿಂದ ರೋಗದ ಭೇದ. ಆ ಯುದ್ಧದ ಕಾಲದ ಪ್ರಯೋಗಗಳಿಂದಲೇ ಕಾಳುಗಳನ್ನು ನೆನೆಹಾಕಿ ಮೊಳಕೆ ಬರಿಸಿದರೆ ಸ್ಕರ್ವಿಯನ್ನು ತಡೆಯುವ ಸತ್ತ್ವವು ಹುಟ್ಟುವುದೆಂಬುದು ಸಿದ್ಧವಾಯಿತು. ನಮ್ಮ ಮನೆಗಳ ಮೊಳಕೆ ಹೆಸರುಕಾಳಿನ ಉಸಲಿಗೆ ಇದಕ್ಕಿಂತ ದೊಡ್ಡ ಯೋಗ್ಯತಾಪತ್ರ ಬೇಕಿಲ್ಲ.

ಇಷ್ಟೆಲ್ಲ ಹಳೆಯ ಕಥೆಯೆಂದು ಯಾರಾದರೂ ಹೇಳಿಯಾರು. ಇಂದು ಹಡಗಿನಲ್ಲಿ ಶೀತಾಗಾರವುಂಟು, ನೀರಿನ ಯಂತ್ರವುಂಟು, ಅಭಾವವಿಲ್ಲ. ನಿಜವೇ. 2013ರಲ್ಲಿ ವಿಕ್ರಮಾದಿತ್ಯ ನೌಕೆಯು ಸೇವೆಗೆ ಸೇರಿದಾಗ ಪತ್ರಿಕೆಗಳಲ್ಲಿ ಪ್ರಕಟವಾದ ಲೆಕ್ಕದಂತೆ, ಅದರ 1,600ಕ್ಕೂ ಮಿಕ್ಕಿದ ಸಿಬ್ಬಂದಿಗೆ ತಿಂಗಳಿಗೆ ಸುಮಾರು 1 ಲಕ್ಷ ಮೊಟ್ಟೆ, 20,000 ಲೀಟರು ಹಾಲು, 16 ಟನ್ನು ಅಕ್ಕಿ ಬೇಕಾಗುವುದು. ತಲೆಯೊಂದಕ್ಕೆ ಭಾಗಿಸಿದರೆ ದಿನಕ್ಕೆ ಎರಡು ಮೊಟ್ಟೆ, 400 ಮಿಲಿಲೀಟರು ಹಾಲು, ಸುಮಾರು 330 ಗ್ರಾಂ ಅಕ್ಕಿ. ಇದರ ಮೇಲೆ ಗೋಧಿ, ಬೇಳೆ, ಎಣ್ಣೆ, ಮಾಂಸ, ಸಕ್ಕರೆ ಬೇರೆ. ಇದು ಬಡತನದ ತಟ್ಟೆಯಲ್ಲ. ದೇಶವು ಹೆಮ್ಮೆಪಡತಕ್ಕ ತಟ್ಟೆ. ಆದರೆ ಹೊಟ್ಟೆ ತುಂಬಿತೆಂದ ಮಾತ್ರಕ್ಕೆ ಶರೀರವು ಸರಿಯಾಗಿದೆಯೆಂದು ತಿಳಿಯುವುದು ತಪ್ಪು. ಹಿಂದಿನ ನಾವಿಕನ ಶತ್ರು ಕೊರತೆ; ಇಂದಿನವನ ಶತ್ರು ಹೊಂದಿಕೆಯಿಲ್ಲದ ಹೆಚ್ಚಳ.

ಹೇಗೆಂದರೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಹೈದರಾಬಾದಿನ ಪೋಷಣಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಪ್ರಮಾಣದಂತೆ, 65 ಕಿಲೋಗ್ರಾಂ ತೂಕದ ಪುರುಷನು ಕುಳಿತು ಕೆಲಸ ಮಾಡುವವನಾದರೆ ದಿನಕ್ಕೆ 2,110 ಕ್ಯಾಲೊರಿ, ಸಾಧಾರಣ ದುಡಿಮೆಯವನಾದರೆ 2,710, ಕಠಿಣ ದುಡಿಮೆಯವನಾದರೆ 3,470 ಕ್ಯಾಲೊರಿ ಬೇಕು. ಹಾಯಿಹಗ್ಗ ಎಳೆದು, ಕುಲುಮೆಗೆ ಕಲ್ಲಿದ್ದಲು ತುಂಬಿದ ಹಿಂದಿನ ನಾವಿಕನು ಕೊನೆಯ ವರ್ಗದವನು. ರೇಡಾರಿನ ತೆರೆಯ ಮುಂದೆ ಕಣ್ಣಿಟ್ಟು ಕುಳಿತಿರುವ ಇಂದಿನವನು ಮೊದಲ ವರ್ಗದವನು. ಅದೇ ಹಡಗಿನಲ್ಲಿ ಯಂತ್ರಶಾಲೆಯ ಸೆಖೆಯಲ್ಲಿ ಬೆವರು ಸುರಿಸುವವನೂ ಇರುವನು. ಮೂವರಿಗೂ ಒಂದೇ ಸೌಟು ಹಾಕಿದರೆ ಯಾರಿಗೆ ನ್ಯಾಯವಾದೀತು? ಅಗತ್ಯಕ್ಕಿಂತ ದಿನಕ್ಕೆ 200 ಕ್ಯಾಲೊರಿ, ಎಂದರೆ ಎರಡು ಪೂರಿಯಷ್ಟು, ಹೆಚ್ಚು ಸೇರಿತೆನ್ನಿ. ಆರು ತಿಂಗಳಲ್ಲಿ ಅದು 36,000 ಕ್ಯಾಲೊರಿಯಾಗುವುದು; ಕಾಗದದ ಮೇಲಿನ ಲೆಕ್ಕದಲ್ಲಿ ನಾಲ್ಕು ಕಿಲೋಗ್ರಾಂ ಕೊಬ್ಬಿಗೂ ಮೀರಿದುದು. ಶರೀರವು ಕೆಲಮಟ್ಟಿಗೆ ಹೊಂದಿಕೊಳ್ಳುವುದರಿಂದ ವಾಸ್ತವದಲ್ಲಿ ಅಷ್ಟಾಗದಿದ್ದರೂ, ಏರುವ ದಿಕ್ಕು ಮಾತ್ರ ಅದೇ.

ಇದರ ಜತೆಗೆ ಹಡಗಿನ ಬಾಳೇ ಅಂತಹುದು. ಹೊರಟ ಕೆಲವು ವಾರಗಳಲ್ಲಿ ಸೊಪ್ಪು ಬಾಡುವುದು, ಟೊಮೇಟೊ ಕೊಳೆಯುವುದು. ಆಲೂಗೆಡ್ಡೆ, ಈರುಳ್ಳಿ, ಡಬ್ಬಿಯ ಪದಾರ್ಥಗಳು ಉಳಿಯುವುವು. ಪಾಳಿಯ ಕಾವಲಿನಿಂದ ನಿದ್ರೆಯು ತುಂಡುತುಂಡಾಗುವುದು. ನಿದ್ರೆ ಕೆಟ್ಟವನಿಗೆ ಹಸಿವಿನ ಸೂಚನೆಗಳೂ ಕೆಟ್ಟು, ಕರಿದುದರ ಮೇಲೂ ಸಿಹಿಯ ಮೇಲೂ ಬಯಕೆ ಹೆಚ್ಚುವುದೆಂಬುದನ್ನು ಇಂದಿನ ವೈದ್ಯಶಾಸ್ತ್ರವು ಒಪ್ಪಿರುವುದು. ನಡೆದಾಡಲು ಸ್ಥಳವಿಲ್ಲ, ಸಮುದ್ರವು ಮುನಿದ ದಿನ ವ್ಯಾಯಾಮವೂ ಇಲ್ಲ. ಜಲಾಂತರ್ಗಾಮಿಯಲ್ಲಿರುವವನಿಗೆ ಬಿಸಿಲೇ ಇಲ್ಲ. ಬಿಸಿಲಿಲ್ಲದೆ ಡಿ ಜೀವಸತ್ತ್ವವು ಕುಗ್ಗಿ ಎಲುಬಿಗೆ ಹಾನಿಯಾಗುವುದು. ಬೇಸರದ ಹೊತ್ತಿಗೆ ಊಟದ ಗಂಟೆಯೇ ಹಬ್ಬ. ಹೀಗಿರುವಲ್ಲಿ ಸ್ನಾಯುವು ಕರಗಿ ಕೊಬ್ಬು ಸೇರಿದರೆ ಅದನ್ನು ನಾವಿಕನ ಹೊಟ್ಟೆಬಾಕತನವೆಂದು ಜರೆಯುವುದು ಅನ್ಯಾಯ.

ಸ್ನಾಯು ಕರಗಿ ಕೊಬ್ಬು ಸೇರುವುದು ತೂಕದ ತಕ್ಕಡಿಗೆ ಕಾಣುವುದಿಲ್ಲವೆಂಬುದೇ ಇಲ್ಲಿನ ಮುಖ್ಯ ತೊಡಕು. ಎರಡು ಕಿಲೋಗ್ರಾಂ ಸ್ನಾಯು ಹೋಗಿ ಎರಡು ಕಿಲೋಗ್ರಾಂ ಕೊಬ್ಬು ಬಂದರೆ ತಕ್ಕಡಿಯ ಮುಳ್ಳು ಅಲುಗದು. ಯೋಧನು ಮಾತ್ರ ದುರ್ಬಲನಾಗಿರುವನು. ಇದನ್ನು ಲೋಕಕ್ಕೆ ತೋರಿಸಿಕೊಟ್ಟವನು ಒಬ್ಬ ನೌಕಾವೈದ್ಯನೇ. ಅಮೆರಿಕದ ನೌಕಾಪಡೆಯ ಆಲ್ಬರ್ಟ್ ಬೆಂಕೆ ಎಂಬವನು 1942ರಲ್ಲಿ 25 ಮಂದಿ ವೃತ್ತಿಪರ ಕಾಲ್ಚೆಂಡಾಟಗಾರರನ್ನು ನೀರಿನಲ್ಲಿ ಮುಳುಗಿಸಿ ತೂಗಿ ಅವರ ಶರೀರದ ಕೊಬ್ಬನ್ನು ಲೆಕ್ಕಹಾಕಿದನು. ತೂಕದ ಕೋಷ್ಟಕದಂತೆ ಅವರಲ್ಲಿ 17 ಮಂದಿ ಸೇನೆಗೆ ಅನರ್ಹರು. ವಾಸ್ತವವಾಗಿ ಅವರ ಭಾರವೆಲ್ಲ ಸ್ನಾಯುವಿನ ಭಾರ. ನಮ್ಮವರ ಸ್ಥಿತಿ ಇದಕ್ಕೆ ತಲೆಕೆಳಗು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕರು ತಮ್ಮ ಆಂಗ್ಲ ಮಿತ್ರ ಜಾನ್ ಯುಡ್ಕಿನ್ನರೊಡನೆ ತಮ್ಮನ್ನು ಹೋಲಿಸಿ 2004ರಲ್ಲಿ ಪ್ರಕಟಿಸಿದ ಪ್ರಸಂಗವು ಪ್ರಸಿದ್ಧವಾದುದು. ಎತ್ತರಕ್ಕೆ ತೂಕದ ಪ್ರಮಾಣವು ಇಬ್ಬರಿಗೂ ಒಂದೇ, 22.3, ಕೊಬ್ಬು ಮಾತ್ರ ಆಂಗ್ಲನಿಗೆ ನೂರಕ್ಕೆ 9.1, ಭಾರತೀಯನಿಗೆ 21.2! ನೋಡಲು ಸಣಕಲಾಗಿದ್ದೂ ಒಳಗೆ ಕೊಬ್ಬು ತುಂಬಿಕೊಳ್ಳುವುದು ನಮ್ಮ ಜನರ ಶರೀರಲಕ್ಷಣ. ಇದರ ಫಲವೇ ಸಿಹಿಮೂತ್ರ. ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ದೇಶದಲ್ಲಿ 10 ಕೋಟಿಗೂ ಮಿಕ್ಕಿ ಜನರು ಅದರಿಂದ ಪೀಡಿತರು. ಆದುದರಿಂದ ಪರದೇಶದ ತೂಕದ ಕೋಷ್ಟಕವನ್ನು ಗೋಡೆಗೆ ತೂಗಿ ನಮ್ಮ ನಾವಿಕನನ್ನು ಅದರ ಕೆಳಗೆ ನಿಲ್ಲಿಸುವುದರಿಂದ ಸತ್ಯವು ತಿಳಿಯದು.

ಈ ವಿಷಯದಲ್ಲಿ ಹಳ್ಳಿಯ ಹಿತವೂ ಸೇರಿರುವುದು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಂತೆ ತರುಣನು ನಾಲ್ಕು ವರ್ಷ ಸೇವೆ ಮಾಡತಕ್ಕದ್ದು. ನೂರಕ್ಕೆ ಇಪ್ಪತ್ತೈದಕ್ಕೆ ಮೀರದಂತೆ ಉಳಿಸಿಕೊಂಡು ಮಿಕ್ಕವರನ್ನು ಮನೆಗೆ ಕಳುಹಿಸುವರು. ಹಾಗೆ ಹಿಂದಿರುಗುವವನಿಗೆ ಇನ್ನೂ ಇಪ್ಪತ್ತೈದು ತುಂಬಿರದು. ನಾಲ್ಕು ವರ್ಷಗಳಲ್ಲಿ ಹಡಗು ಅವನ ಶರೀರವನ್ನು ಕಟ್ಟಿತೇ ಕೆಡಿಸಿತೇ ಎಂಬುದರ ಫಲವನ್ನು ಮುಂದಿನ ನಲವತ್ತು ವರ್ಷ ಅನುಭವಿಸತಕ್ಕವರು ಅವನೂ ಅವನ ಮನೆಯವರೂ ಊರಿನ ಆಸ್ಪತ್ರೆಯೂ. ಮತ್ತು ಈಗ ಅವನೊಬ್ಬನೇ ಅಲ್ಲ. ಒಡಿಶಾದ ಚಿಲ್ಕಾ ಕೇಂದ್ರದಿಂದ 2023ರ ಮಾರ್ಚಿಯಲ್ಲಿ ತರಬೇತಿ ಮುಗಿಸಿ ಹೊರಬಂದ ಮೊದಲ ತಂಡದಲ್ಲಿ 273 ಮಂದಿ ಹೆಣ್ಣುಮಕ್ಕಳಿದ್ದರು. 2017-18ರಲ್ಲಿ ‘ತಾರಿಣಿ’ ಎಂಬ ಹಾಯಿಹಡಗಿನಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು 254 ದಿನಗಳಲ್ಲಿ ಭೂಪ್ರದಕ್ಷಿಣೆ ಮಾಡಿಬಂದರು. 2024-25ರಲ್ಲಿ ದಿಲ್ನಾ, ರೂಪಾ ಎಂಬಿಬ್ಬರೇ ಅದನ್ನು ಸಾಧಿಸಿದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ಕಬ್ಬಿಣಾಂಶದ ವಿಚಾರವಿಲ್ಲದೆ ಗಂಡಸಿನ ಪಡಿಯನ್ನೇ ಅಳೆದು ಹೆಂಗಸಿಗೂ ಕೊಡುವುದು ಸಮಾನತೆಯಲ್ಲ, ಅಲಕ್ಷ್ಯ.

ಪರಿಹಾರಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. 1961ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ರಕ್ಷಣಾ ಆಹಾರ ಸಂಶೋಧನಾಲಯವು ತಿಂಗಳುಗಟ್ಟಲೆ ಕೆಡದ ಚಪಾತಿಯನ್ನೂ ಬಿಸಿಮಾಡಿದೊಡನೆ ಉಣ್ಣಬಹುದಾದ ಚೀಲದೂಟವನ್ನೂ ಸಿದ್ಧಪಡಿಸಿತು. 1984ರಲ್ಲಿ ರಾಕೇಶ್ ಶರ್ಮರು ಅಂತರಿಕ್ಷಕ್ಕೆ ಕೊಂಡೊಯ್ದ ಭಾರತೀಯ ತಿನಿಸೂ ಅಲ್ಲಿಯದೇ. ಆಕಾಶಕ್ಕೆ ಊಟ ಕಟ್ಟಿಕೊಟ್ಟ ಮೈಸೂರಿಗೆ ಅರಬ್ಬೀ ಸಮುದ್ರವು ದೂರವೇ? ಇನ್ನು ಧಾನ್ಯದ ಮಾತು. ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವುಂಟು. ಬಿಳಿಯ ಅಕ್ಕಿಯಲ್ಲಿ ಅದರ ಲೇಶವಷ್ಟೆ. ರಾಗಿ, ಜೋಳ, ನವಣೆಗಳ ನಾರು ಹಸಿವನ್ನು ಬೇಗ ತಣಿಸಿ ಹೆಚ್ಚು ಹೊತ್ತು ತಡೆಯುವುದು. ವಿಶ್ವಸಂಸ್ಥೆಯು ಸಿರಿಧಾನ್ಯ ವರ್ಷವೆಂದು ಸಾರಿದ 2023ರಲ್ಲಿ ನಮ್ಮ ಭೂಸೇನೆಯು ಸೈನಿಕರ ಧಾನ್ಯದ ಪಾಲಿನಲ್ಲಿ ನೂರಕ್ಕೆ 25ನ್ನು ಮೀರದಂತೆ ಸಿರಿಧಾನ್ಯದ ಹಿಟ್ಟನ್ನು ಸೇರಿಸಲು ಮುಂದಾದುದು ಸ್ವಾಗತಾರ್ಹ. ಆದರೆ ಇದು ವರ್ಷಕ್ಕೊಮ್ಮೆಯ ಪ್ರದರ್ಶನವಾಗಬಾರದು. ಹಡಗು ಅಖಿಲ ಭಾರತದ ಮನೆ. ಪಂಜಾಬಿನವನಿಗೂ ಅಸ್ಸಾಮಿನವನಿಗೂ ಮುದ್ದೆಯನ್ನು ಬಲವಂತದಿಂದ ನುಂಗಿಸುವುದು ನಮ್ಮ ಆಶಯವಲ್ಲ. ರೊಟ್ಟಿ, ದೋಸೆ, ಅಂಬಲಿ ಎಂದು ಅವರವರ ರುಚಿಗೆ ತಿರುಗಿಸಬಲ್ಲ ಅಡಿಗೆಯವನು ಬೇಕು. ಅಡಿಗೆಯವನ ಕೆಲಸವನ್ನು ಕೀಳೆಂದು ಬಗೆಯುವ ಚಾಳಿಯೂ ತೊಲಗಬೇಕು. ಹಡಗಿನಲ್ಲಿ ವೈದ್ಯನಿಗಿಂತ ಮೊದಲು ಆರೋಗ್ಯವನ್ನು ಕಾಯುವವನು ಅವನೇ.

ನಮ್ಮ ಅಭಿಪ್ರಾಯದಲ್ಲಿ ಸರ್ಕಾರದವರು ಆಗಮಾಡಿಸತಕ್ಕ ಕಾರ್ಯಗಳು ಇವು. ಮೊದಲನೆಯದಾಗಿ, ದೀರ್ಘಯಾನಕ್ಕೆ ಹೊರಡುವಾಗಲೂ ಹಿಂದಿರುಗಿದಾಗಲೂ ಪ್ರತಿಯೊಬ್ಬನ ತೂಕದೊಡನೆ ಸೊಂಟದ ಸುತ್ತಳತೆ, ಕೊಬ್ಬು-ಸ್ನಾಯುಗಳ ಪ್ರಮಾಣ, ಡಿ ಜೀವಸತ್ತ್ವ, ರಕ್ತದ ಕಬ್ಬಿಣ ಇವನ್ನು ಅಳೆಯತಕ್ಕದ್ದು. ಒಬ್ಬೊಬ್ಬನ ಫಲವು ಅವನಿಗೂ ವೈದ್ಯನಿಗೂ ಮಾತ್ರ ಗೊತ್ತಿರಲಿ. ಒಟ್ಟಿನ ಫಲವು ಸಂಸತ್ತಿನ ಮುಂದೆ ಬರಲಿ. ಈ ಅಳತೆಯು ಶಿಕ್ಷೆಯ ಕೋಲಾಗದೆ ಪಡಿಯನ್ನು ತಿದ್ದುವ ಸಾಧನವಾಗಲಿ. ಎರಡನೆಯದಾಗಿ, ಪಡಿಯನ್ನು ಹುದ್ದೆಗಲ್ಲದೆ ದುಡಿಮೆಗೂ ಪಾಳಿಗೂ ಹೊಂದಿಸತಕ್ಕದ್ದು. ರಾತ್ರಿಯ ಕಾವಲಿನವನಿಗೆ ಕರಿದ ತಿಂಡಿಯ ಬದಲು ಮೊಳಕೆಕಾಳು, ಮಜ್ಜಿಗೆ, ಹುರಿಗಡಲೆ, ಹಣ್ಣು ಸಿಕ್ಕುವಂತಾಗಲಿ. ಮೂರನೆಯದಾಗಿ, ನೆಲ್ಲಿ, ನಿಂಬೆ, ಕುಚ್ಚಲಕ್ಕಿ, ಸಿರಿಧಾನ್ಯಗಳಿಗೆ ಪಡಿಯಲ್ಲಿ ಸ್ಥಿರವಾದ ಸ್ಥಾನ ದೊರೆಯಲಿ. ಕಾರವಾರದ ನೆಲೆಗೆ ಬೇಕಾದ ಮೀನು, ತರಕಾರಿಗಳನ್ನು, ಆ ನೆಲೆಗೆ ತಮ್ಮ ನೆಲವನ್ನು ಬಿಟ್ಟುಕೊಟ್ಟ ಜನರಿಂದಲೇ ಮೊದಲು ಕೊಳ್ಳಲಿ. ನಾಲ್ಕನೆಯದಾಗಿ, ವ್ಯಾಯಾಮಕ್ಕೂ ನಿದ್ರೆಗೂ ದಿನಚರಿಯಲ್ಲಿ ಗೊತ್ತಾದ ಕಾಲವನ್ನು ಇಡತಕ್ಕದ್ದು. ಒಳ್ಳೆಯ ಊಟವೂ ನಿದ್ರೆಯಿಲ್ಲದವನಿಗೆ ಒಗ್ಗದು.

ಕೊನೆಯದೂ ಮುಖ್ಯವಾದುದೂ ಆದ ಮಾತೊಂದುಂಟು. ಊಟದ ವಿಷಯದಲ್ಲಿ ದೂರು ಹೇಳಿದವನನ್ನು ಶಿಸ್ತು ಮುರಿದವನೆಂದು ನೋಡುವ ಬುದ್ಧಿಯು ಆಂಗ್ಲರು ಬಿಟ್ಟುಹೋದ ಆಸ್ತಿ. ಅದನ್ನು ನಾವು ಕಾಪಾಡಿಕೊಳ್ಳಬೇಕಾಗಿಲ್ಲ. 2017ರ ಜನವರಿಯಲ್ಲಿ ಗಡಿ ಭದ್ರತಾ ಪಡೆಯ ಯೋಧನೊಬ್ಬನು ತನ್ನ ಊಟದ ಚಿತ್ರವನ್ನು ಲೋಕದ ಮುಂದಿಟ್ಟಾಗ ದೇಶವೇ ಕಲಕಿತು. ಕೆಲವು ತಿಂಗಳುಗಳಲ್ಲಿ ಅವನು ಸೇವೆಯಿಂದ ವಜಾ ಆದನು. ಅವನ ಪ್ರಕರಣದ ನ್ಯಾಯಾನ್ಯಾಯವನ್ನು ನಾವು ಇಲ್ಲಿ ತೀರ್ಮಾನಿಸಹೊರಟಿಲ್ಲ. ಆದರೆ ಪಡಿಯ ಲೋಪವು ಬರಿಯ ಕಲ್ಪನೆಯಲ್ಲವೆಂಬುದಕ್ಕೆ ಸರ್ಕಾರದ್ದೇ ಸಾಕ್ಷ್ಯವುಂಟು. ಹಿಮಪ್ರದೇಶದ ಸೈನಿಕರಿಗೆ ಗೊತ್ತಾದ ಪದಾರ್ಥಗಳ ಬದಲು ಬೇರೆಯವನ್ನು ಕೊಟ್ಟುದರಿಂದ ಅವರಿಗೆ ಸಿಗಬೇಕಾದ ಕ್ಯಾಲೊರಿಗೆ ಧಕ್ಕೆ ಬಂದಿತೆಂದು, 2020ರಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿಯೇ ಹೇಳಿತು. ಲೇಖಪಾಲರು ಬಂದು ಎಣಿಸುವವರೆಗೆ ಕಾಯುವುದಕ್ಕಿಂತ, ಉಣ್ಣುವವನ ಬಾಯಿಂದಲೇ ಅಂಜಿಕೆಯಿಲ್ಲದೆ ಮಾತು ಬರುವಂತಹ ವ್ಯವಸ್ಥೆಯು ಪ್ರತಿಯೊಂದು ಹಡಗಿನಲ್ಲಿಯೂ ಇರಬೇಕು. ದೂರನ್ನು ಕೇಳುವ ಕಿವಿಯಿದ್ದಿದ್ದರೆ ತಲ್ವಾರಿನ ನಾವಿಕರು ತಟ್ಟೆಯನ್ನು ಬಿಟ್ಟು ಏಳಬೇಕಾಗುತ್ತಿದ್ದಿತೇ?

ಊಟ ಬಲ್ಲವನಿಗೆ ರೋಗವಿಲ್ಲವೆಂಬುದು ನಮ್ಮ ಹಿರಿಯರ ಗಾದೆ. ಮನೆಯಲ್ಲಿರುವವನು ತನ್ನ ಊಟವನ್ನು ತಾನೇ ಬಲ್ಲ. ಕಚೇರಿಯ ಕುರ್ಚಿಯಲ್ಲಿ ಕುಳಿತು ದುಡಿಯುವ ನಮ್ಮ ವಾಚಕರು ಆ ಗಾದೆಯನ್ನು ತಮ್ಮ ಸೊಂಟದ ಪಟ್ಟಿಗೆ ಅಳೆದು ನೋಡಿಕೊಂಡರೂ ತಪ್ಪಿಲ್ಲ. ಆದರೆ ನಡುಗಡಲಿನ ನಾವಿಕನು ತನ್ನ ಊಟವನ್ನು ತಾನು ಆರಿಸಿಕೊಳ್ಳಲಾರನು. ದೆಹಲಿಯ ಒಂದು ಕಡತದಲ್ಲಿ ಬರೆದಿರುವುದನ್ನೇ ಅವನು ಉಣ್ಣತಕ್ಕವನು. ಅವನ ಪರವಾಗಿ ಊಟವನ್ನು ಬಲ್ಲವರಾಗಬೇಕಾದವರು ಆ ಕಡತಕ್ಕೆ ರುಜು ಹಾಕುವವರು. ಅವರನ್ನು ಎಚ್ಚರಿಸಬೇಕಾದವರು ನಾವು, ಪ್ರಜೆಗಳು. ನಮ್ಮ ಲೋಕಸಭಾ ಸದಸ್ಯರು ಮುಂದಿನ ಅಧಿವೇಶನದಲ್ಲಿ ಈ ಅಳತೆಗಳನ್ನು ಕುರಿತು ಒಂದು ಪ್ರಶ್ನೆಯನ್ನಾದರೂ ಕೇಳಬೇಕೆಂದು ನಾವು ಒತ್ತಾಯಪಡಿಸುವೆವು. ಫಿರಂಗಿಯ ಬೆಲೆಯನ್ನು ರೂಪಾಯಿ ಪೈಗಳಲ್ಲಿ ಕೇಳಿ ತಿಳಿಯುವ ಸಭೆಯು, ಅದನ್ನು ಹಾರಿಸುವ ತೋಳಿನ ಬಲವೆಷ್ಟೆಂದು ಕೇಳದೆ ಇರುವುದು ರಾಷ್ಟ್ರಕ್ಕೆ ಶೋಭಿಸುವುದಿಲ್ಲ.